ಪೀಚ್ ಬೆಣ್ಣೆ ಮತ್ತು ಅವ್ವನ ಮೂಗು

ನನಗೊಂದು ಚಟವಿದೆ. ಗೊತ್ತಿಲ್ಲದ ವಸ್ತು ಕಣ್ಣಿಗೆ ಬಿದ್ದರೆ ಅದರ ಒಳಗೇನಿದೆ ಎಂದು ನೋಡದೆ ನನಗೆ ಸಮಾಧಾನವಾಗುವುದಿಲ್ಲ. ತಾರಿಹಾಳದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಸುಟ್ಟುಹೋದ ಪಂಪ್ ಮೋಟರುಗಳಿಗೆ ಹೊಸದಾಗಿ ತಂತಿ ಸುತ್ತಿಕೊಡುವುದು ನನ್ನ ಕೆಲಸ. ಅಲ್ಲಿ ಈ ಚಟಕ್ಕೆ ಬೆಲೆಯಿದೆ, ಮನೆಯಲ್ಲಿ ಇಲ್ಲ. ಒಮ್ಮೆ ಮಿಕ್ಸರ್ ಬಿಚ್ಚಿ ಮತ್ತೆ ಜೋಡಿಸಿದಾಗ ಕೈಯಲ್ಲಿ ಒಂದು ಸ್ಕ್ರೂ ಉಳಿದಿತ್ತು. ಆ ಸ್ಕ್ರೂವಿನ ಕಥೆಯನ್ನು ನನ್ನ ಹೆಂಡತಿ ಮನೆಗೆ ಬಂದವರಿಗೆಲ್ಲ ಚಹಾದ ಜೊತೆ ಇಂದಿಗೂ ಬಡಿಸುತ್ತಾಳೆ.

ಕಳೆದ ಬೇಸಿಗೆ ಮುಗಿಯುತ್ತ ಬಂದಿದ್ದ ಒಂದು ಶನಿವಾರ ಸಂಜೆ, ಕೆಲಸ ಮುಗಿಸಿ ಬರುವಾಗ ನಾನು ದಿನವೂ ಮಾವಿನಹಣ್ಣು ಕೊಳ್ಳುವ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದೆ. ಮಾವಿನ ರಾಶಿಯ ಪಕ್ಕ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಕೆಂಪು ಹಳದಿ ಬೆರೆತ ಹಣ್ಣುಗಳಿದ್ದವು. ಪ್ರತಿಯೊಂದರ ಮೇಲೂ ಯಾರದೋ ಹೆಬ್ಬೆರಳಿನ ಗುರುತು. ಎಲ್ಲರೂ ಒತ್ತಿ ನೋಡಿ ಹೋಗಿದ್ದರೇ ಹೊರತು ಒಬ್ಬರೂ ಕೊಂಡಿರಲಿಲ್ಲ.

“ಪೀಚ್ ಅಂತಾರ್ರಿ ಇದಕ್ಕ. ಹಿಮಾಚಲದ ಕಡೀದು,” ಎಂದ ಅಂಗಡಿಯವ. “ನಮ್ಮ ಮಂದಿ ಹಿಚಕಿ ಹಿಚಕಿ ಇಟ್ಟು ಹೊಂಟಾರ. ನಾಳಿಗೆ ಪೂರಾ ಮೆತ್ತಗಾಗಿ ಬಿಡತಾವು. ಪೆಟಗಿ ಸಮೇತ ಒಯ್ಯಿರಲ್ಲ.”

ನಾನು ಪೆಟ್ಟಿಗೆ ಸಮೇತ ಒಯ್ದೆ. ಅಷ್ಟು ಹಣ್ಣನ್ನು ಏನು ಮಾಡಬೇಕು ಎಂಬ ಯೋಚನೆ ಬಂದದ್ದು ಕಮರಿಪೇಟೆಯ ನಮ್ಮ ಮನೆಯ ಮೆಟ್ಟಿಲು ಹತ್ತುವಾಗ.

ಹೆಂಡತಿ ಪೆಟ್ಟಿಗೆ ನೋಡಿ, ನನ್ನನ್ನು ನೋಡಿ, ಏನೂ ಹೇಳದೆ ಒಳಗೆ ಹೋದಳು. ಅವಳು ಬೈದರೆ ನನಗೆ ಹೆದರಿಕೆಯಿಲ್ಲ, ಸುಮ್ಮನಾದರೆ ಇದೆ. ಅವ್ವ ಮಾತ್ರ ಒಂದು ಹಣ್ಣನ್ನು ಕೈಗೆತ್ತಿಕೊಂಡು ಸಿಪ್ಪೆಯ ಮೇಲಿನ ನವಿರು ಕೂದಲನ್ನು ಬೆರಳಿನಿಂದ ಸವರಿ, “ಇದಕ್ಕ ಈಗರ ಮೀಸಿ ಬರಾಕತ್ತಾವಲ್ಲೋ,” ಎಂದು ನಕ್ಕಳು. ಆಮೇಲೆ ಹಣ್ಣನ್ನು ಮೂಗಿನ ಹತ್ತಿರ ಒಯ್ದು, ಅಲ್ಲಿಯೇ ಸ್ವಲ್ಪ ಹೊತ್ತು ಹಿಡಿದು, ಕೆಳಗಿಟ್ಟಳು. ನಾನು ಅದನ್ನು ಗಮನಿಸಿದೆ. ಗಮನಿಸುವುದಕ್ಕೆ ಕಾರಣವಿತ್ತು.

ನಮ್ಮ ಓಣಿಯಲ್ಲಿ ಅವ್ವನ ಮೂಗಿಗೆ ದೊಡ್ಡ ಹೆಸರು. ಪಡಸಾಲೆಯಲ್ಲಿ ಕುಳಿತೇ ಪಕ್ಕದ ಮನೆಯ ಎಣ್ಣೆಗಾಯಿಗೆ ಗುರೆಳ್ಳಿನ ಪುಡಿ ಕಡಿಮೆಯಾಗಿದೆ ಎಂದು ಹೇಳಿಬಿಡುವವಳು ಅವಳು. ಪ್ರತಿ ಬೇಸಿಗೆಯಲ್ಲಿ ನಮಗೂ ಧಾರವಾಡದಲ್ಲಿರುವ ನನ್ನ ಅಕ್ಕನಿಗೂ ವರ್ಷಕ್ಕಾಗುವಷ್ಟು ಮಸಾಲೆ ಖಾರದ ಪುಡಿ ಮಾಡುವುದು ಅವಳೇ. ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ, ಲವಂಗ, ದಾಲ್ಚಿನ್ನಿ ಒಂದೊಂದನ್ನೂ ಬೇರೆ ಬೇರೆ ಹುರಿಯುತ್ತಾಳೆ. ಯಾವುದನ್ನು ಯಾವಾಗ ಒಲೆಯಿಂದ ಇಳಿಸಬೇಕು ಎಂದು ಕೇಳಿದರೆ, “ಮೂಗ ಹೇಳತೈತಿ,” ಎನ್ನುತ್ತಾಳೆ. ಆ ಮೂಗಿನ ಬಲದ ಮೇಲೆಯೇ ಅಡುಗೆಮನೆಯ ಯಜಮಾನಿಕೆ ಇಷ್ಟು ವರ್ಷವೂ ಅವಳ ಕೈಯಲ್ಲಿ ಉಳಿದಿತ್ತು.

ಆ ಬೇಸಿಗೆಗೆ ಮುಂಚಿನ ಚಳಿಗಾಲದಲ್ಲಿ ಅವಳಿಗೆ ಜೋರು ಜ್ವರ ಬಂದು ಹೋಗಿತ್ತು. ಅದಾದ ಮೇಲೆ ಏನೋ ತಪ್ಪುತ್ತಿತ್ತು. ಹುಳಿಯಾಗಿ ಹೋದ ಹಾಲಿಗೆ ಚಹಾಪುಡಿ ಹಾಕಿ ಕುದಿಸಿದಳು. ಏನು ಬಡಿಸಿದರೂ “ಘಮ್ಮ ಅಂತೈತಿ” ಎನ್ನುತ್ತಿದ್ದಳು. ಮೊದಲಾದರೆ ಅಷ್ಟು ಸಲೀಸಾಗಿ ಹೊಗಳುವ ಹೆಂಗಸಲ್ಲ. ಮಾಳಿಗೆಯ ಮೇಲೆ ಒಣಗಿಸಿದ ಮೆಣಸಿನಕಾಯಿ ಚೀಲದಲ್ಲಿ ಹಾಗೆಯೇ ಬಿದ್ದಿತ್ತು. ಇವತ್ತು ಕಾಲು ನೋವು, ನಾಳೆ ಮೋಡ ಎಂದು ಅವ್ವ ಖಾರದ ಕೆಲಸವನ್ನು ಮುಂದಕ್ಕೆ ಹಾಕುತ್ತಲೇ ಇದ್ದಳು.

“ಅತ್ತಿಯವರ ಮೂಗ ಹೋಗೇತ್ರಿ,” ಎಂದಿದ್ದಳು ಹೆಂಡತಿ. “ಅವರಾಗೇ ಹೇಳವಲ್ರು. ನಾ ಹೆಂಗ ಕೇಳಲಿ?”

ನನಗೂ ಕೇಳುವ ಧೈರ್ಯವಾಗಲಿಲ್ಲ. ಅದಕ್ಕೆ ನನ್ನ ದಾರಿಯಲ್ಲಿ ಒಂದು ಪರೀಕ್ಷೆ ಮಾಡಿದೆ. ಹೊಸ ಊದಿನಕಡ್ಡಿಯ ಪೆಟ್ಟಿಗೆ ತಂದು, “ಯಾವ ವಾಸನಿ ಹೇಳು ನೋಡೋಣು,” ಎಂದೆ. “ಮಲ್ಲಿಗಿ,” ಎಂದಳು ತಕ್ಷಣ. ನನಗೆ ಹೋದ ಜೀವ ಬಂದಂತಾಯಿತು. ಪೆಟ್ಟಿಗೆಯ ಮೇಲೆ ಮಲ್ಲಿಗೆಯ ಚಿತ್ರ ಇದ್ದದ್ದು ನನಗೆ ಹೊಳೆದದ್ದು ಮರುದಿನ ಮೋಟರ್ ಬಿಚ್ಚುತ್ತಿದ್ದಾಗ.

ಅಂದರೆ ಪೀಚ್ ಪೆಟ್ಟಿಗೆ ಮನೆಗೆ ಬಂದಾಗ ನಮ್ಮಲ್ಲಿ ಇಬ್ಬರಿಗೆ ಅನುಮಾನವಿತ್ತು, ಒಬ್ಬಳಿಗೆ ಸತ್ಯ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಹಣ್ಣನ್ನು ಏನು ಮಾಡುವುದೆಂದು ಫೋನಿನಲ್ಲಿ ಹುಡುಕಿದೆ. ಯಾವುದೋ ದೇಶದ ಹೆಂಗಸೊಬ್ಬಳು ಪೀಚ್ ಬೆಣ್ಣೆ ಮಾಡುವುದನ್ನು ತೋರಿಸುತ್ತಿದ್ದಳು. ಹಣ್ಣಿನ ತಿರುಳಿಗೆ ಸಕ್ಕರೆ, ಮಸಾಲೆ ಹಾಕಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಗಟ್ಟಿಯಾಗುವವರೆಗೆ ಕಾಯುವುದು. ಹೆಂಡತಿ ಹೆಗಲ ಮೇಲಿಂದ ಇಣುಕಿ ಕೊನೆಯವರೆಗೂ ನೋಡಿದಳು.

“ಬೆಣ್ಣಿ ಯಾವಾಗ ಹಾಕತಾಳ್ರಿ ಈಕಿ?”

ನಾನೂ ಅದನ್ನೇ ಕಾಯುತ್ತಿದ್ದೆ. ಮತ್ತೊಮ್ಮೆ ಹಾಕಿ ನೋಡಿದೆವು. ಬೆಣ್ಣೆಯ ಹನಿಯೂ ಇರಲಿಲ್ಲ. ಬ್ರೆಡ್ಡಿನ ಮೇಲೆ ಬೆಣ್ಣೆಯಂತೆ ಸವರಿಕೊಳ್ಳಬಹುದು ಎಂದು ಆ ಹೆಸರಂತೆ. ಅವ್ವನಿಗೆ ಹೇಳಿದರೆ, “ಹಂಗಾದ್ರ ನಿನ್ನ ಕೈಲೆ ಆದೀತು ಬಿಡು,” ಎಂದಳು.

ಭಾನುವಾರ ಬೆಳಿಗ್ಗೆ ಶುರುವಾಯಿತು. ಹಣ್ಣಿನ ಬುಡದಲ್ಲಿ ಚಾಕುವಿನಿಂದ ಅಡ್ಡ ಉದ್ದ ಗೀರಿ, ಕುದಿಯುವ ನೀರಿನಲ್ಲಿ ಮುಳುಗಿಸಿ, ತಕ್ಷಣ ತಣ್ಣೀರಿಗೆ ಹಾಕಿದರೆ ಸಿಪ್ಪೆ ತಾನಾಗಿ ಜಾರಿ ಬರುತ್ತದೆ. ಅದನ್ನು ನೋಡಿ ನನಗೆ ಎಷ್ಟು ಖುಷಿಯಾಯಿತೆಂದರೆ ಒಬ್ಬನೇ ಕೂತು ಇಡೀ ಪೆಟ್ಟಿಗೆಯ ಹಣ್ಣು ಸುಲಿದೆ. ಸಿಪ್ಪೆಯ ಕೆಂಪು ಬಣ್ಣ ತಿರುಳಿಗೂ ಅಂಟಿಕೊಂಡಿತ್ತು. ನಡುವಿನ ಓಟೆಯ ಮೇಲೆ ಆಳವಾದ ಗೀರುಗಳು. ಒಂದನ್ನು ಸುತ್ತಿಗೆಯಿಂದ ಒಡೆದೆ. ಒಳಗೆ ಬಾದಾಮಿಯಂಥದೇ ಬೀಜ. ಬಾಯಿಗೆ ಹಾಕಿಕೊಳ್ಳುವುದರಲ್ಲಿದ್ದೆ; ಅದು ತಿನ್ನುವಂಥದ್ದಲ್ಲ ಎಂದು ಫೋನ್ ನೋಡಿ ಹೆಂಡತಿ ಕಿರುಚಿದಳು.

ತಿರುಳನ್ನು ಹಿಸುಕಿ ಒಲೆಯ ಮೇಲಿಟ್ಟಾಗ ಅವ್ವ ತನ್ನ ಮಣೆಯಂಥ ಗಿಡ್ಡ ಕುರ್ಚಿ ಬಿಟ್ಟು ಎದ್ದು ಬಂದು, ನನ್ನ ಕೈಯಿಂದ ಸೌಟು ತೆಗೆದುಕೊಂಡಳು. “ನಿನಗ ಕೊಟ್ರ ತಳ ಹಿಡಸ್ತಿ.” ದಾಲ್ಚಿನ್ನಿ, ಲವಂಗ, ಜಾಜಿಕಾಯಿ ಕುಟ್ಟಿ ಹಾಕಿದಳು, ಹಸಿ ಶುಂಠಿ ಹೆರೆದು ಹಾಕಿದಳು. ಅಳತೆಯೆಲ್ಲ ಕೈಗೆ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಮನೆಯ ತುಂಬ ಒಂದು ಪರಿಮಳ ಹರಡಿತು. ಅದು ಯಾವುದರಂತೆ ಇದೆ ಎಂದು ಹೇಳಲು ಹೋದರೆ ನನಗೆ ಮಾತೇ ಸಿಗಲಿಲ್ಲ. ಸಿಗದಿದ್ದರೆ ಕೇಳದೆ ಬಿಡುವವನಲ್ಲ ನಾನು.

“ಮಾವಿನಹಣ್ಣ ತಿಂದ ಕೈಯಾಗ ಗುಲಾಬಿ ಹಿಡದಂಗ ಐತ್ರಿ,” ಎಂದಳು ಹೆಂಡತಿ.

“ನಿನಗ ಅವ್ವಾ?”

“ಛಲೋ ಐತಿ.”

“ಛಲೋ ಅಂದ್ರ ಯಾವದರಂಗ?”

“ಹಣ್ಣಿನ ವಾಸನಿ ಹಣ್ಣಿನಂಗ ಇರತೈತಿ. ಹೋಗಿ ನಿನ್ನ ಸಿಪ್ಪಿ ಚೆಲ್ಲಿ ಬಾ, ನೊಣ ಬರಾಕತ್ತಾವು.”

ಸಿಪ್ಪೆಯ ಬುಟ್ಟಿ ಹಿಡಿದು ಹಿತ್ತಲಿಗೆ ಹೋದೆ. ಹೋಗುತ್ತಲೇ ಒಂದು ವಿಷಯ ಮನಸ್ಸಿಗೆ ಬಂತು. ಸಾರಿಗೆ, ಒಗ್ಗರಣೆಗೆ, ಬದನೆಕಾಯಿಗೆ ಅವ್ವನ ಬಳಿ ಉತ್ತರ ಸಿದ್ಧವಿರುತ್ತಿತ್ತು. ಅವು ಹೇಗಿರಬೇಕು ಎಂದು ಅವಳಿಗೆ ನೆನಪಿತ್ತು. ಈ ಹಣ್ಣನ್ನು ಅವಳು ಜನ್ಮದಲ್ಲಿ ಮೂಸಿರಲಿಲ್ಲ. ನೆನಪಿನಿಂದ ತೆಗೆದು ಹೇಳಲು ಅಲ್ಲಿ ಏನೂ ಇರಲಿಲ್ಲ.

ವಾಪಸು ಬರುವಾಗ ಹಿತ್ತಲ ಬಾಗಿಲಲ್ಲೇ ಸೀದ ವಾಸನೆ ಮೂಗಿಗೆ ಬಡಿಯಿತು. ಪಡಸಾಲೆಯಿಂದ ಹೆಂಡತಿಯೂ ಓಡಿ ಬಂದಳು. ಅವ್ವ ಪಾತ್ರೆಯ ಮೇಲೆ ಮುಖ ಬಾಗಿಸಿಕೊಂಡು, ಏನೂ ಆಗಿಲ್ಲವೆಂಬಂತೆ ನಿಧಾನವಾಗಿ ಮೇಲೆ ಮೇಲೆ ಸೌಟು ಆಡಿಸುತ್ತಿದ್ದಳು.

“ಅತ್ತಿಯವರ, ತಳ ಹತ್ತೇತ್ರಿ!”

ಅವ್ವನ ಕೈ ನಿಂತಿತು. ನಾನು ಒಲೆ ಆರಿಸಿದೆ. ತಳ ಕೆರೆಯದೆ ಮೇಲಿನದನ್ನಷ್ಟೇ ಇನ್ನೊಂದು ಪಾತ್ರೆಗೆ ಸುರಿದೆ. ಬಹುಪಾಲು ಉಳಿದಿತ್ತು. “ಏನೂ ಆಗಿಲ್ಲ ಅವ್ವಾ,” ಎಂದೆ. ಅವಳು ಸುಟ್ಟ ಪಾತ್ರೆಯನ್ನು ಎಳೆದುಕೊಂಡು, ಅದರೊಳಗೆ ಮುಖವಿಟ್ಟು, ಜೋರಾಗಿ ಉಸಿರೆಳೆದಳು. ಇನ್ನೊಮ್ಮೆ ಎಳೆದಳು. ನನಗೆ ಅದನ್ನು ನೋಡಲಾಗಲಿಲ್ಲ.

“ಇಷ್ಟ ಸುಟ್ಟರೂ ಬರವಲ್ದು,” ಎಂದಳು.

“ಯಾವಾಗಿಂದ?” ಎಂದೆ.

“ಜ್ವರ ಬಂದು ಹ್ವಾದಾಗಿಂದ. ಬಿ.ಪಿ. ತೋರಸ್ತೇನಿ ಅಂತ ಹೋಗಿ ಡಾಕ್ಟರಿಗೆ ಕೇಳೀನಿ. ಬಂದರೂ ಬರಬಹುದು, ಬರದಿದ್ರೂ ಇರಬಹುದು ಅಂದ್ರು. ದಿನಾ ಮುಂಜಾನೆ ಲವಂಗ, ಕರ್ಪೂರ ಮೂಸ್ರಿ ಅಂದ್ರು. ಮೂಸತೇನಿ. ನೆನಪಾಗತೈತಿ, ವಾಸನಿ ಬರೂದಿಲ್ಲ.”

“ನಮಗ್ಯಾಕ ಹೇಳಲಿಲ್ಲ?”

ಅವ್ವ ಸೌಟನ್ನು ಕೈಯಿಂದ ಬಿಟ್ಟಿರಲಿಲ್ಲ. “ಹೇಳಿದ್ರ ಇದನ್ನ ಕಸಗೋತೀರಿ. ಮುದುಕಿ, ಕುಂದ್ರು ಅಂತೀರಿ. ಖಾರ ಅಂಗಡ್ಯಾಗ ತರತೀರಿ.”

ನಾನು ಆರಿದ ಒಲೆಯ ಗುಂಡಿಯನ್ನು ಮತ್ತೊಮ್ಮೆ ತಿರುಗಿಸಿ ನೋಡಿದೆ. ಖಾರವನ್ನು ಅಂಗಡಿಯಿಂದ ತರುವ ಮಾತನ್ನು ನಾನೂ ಹೆಂಡತಿಯೂ ಹಿಂದಿನ ವಾರವಷ್ಟೇ ಆಡಿದ್ದೆವು. ಹೆಂಡತಿ ನನಗಿಂತ ಚುರುಕು.

“ಆ ಹೊಗಿಯಾಗ ನಿಂತು ಮೆಣಸಿನಕಾಯಿ ಹುರಿಯಾಕ ನಾ ಏನ್ ಹಂಬಲಸಾಕತ್ತೇನೇನ್ರಿ? ನೀವ ಹುರೀರಿ. ನಾ ಬಾಜೂಕ ನಿಂತು ವಾಸನಿ ನೋಡತೇನಿ.”

“ನಿನ್ನ ಮೂಗು? ಇಂಗ ಹಾಕೀಯೋ ಇಲ್ಲೋ ಅನ್ನೂದು ನಿನಗ ನಾ ಹೇಳಬೇಕಾಗಿತ್ತು.”

“ಕಲಸ್ರಿ ಮತ್ತ.”

ಅವ್ವನ ಮುಖದಲ್ಲಿ ನಗು ಬರಲಿಲ್ಲ. ಆದರೆ ಹೊಸ ಪಾತ್ರೆಯನ್ನು ಒಲೆಯ ಮೇಲೆ ಇಟ್ಟದ್ದು ಅವಳೇ.

ಆಮೇಲೆ ಮೂವರೂ ಒಲೆಯ ಮುಂದೆಯೇ ನಿಂತೆವು. ಅವ್ವ ಕೈಯಾಡಿಸಿದಳು. ಹೆಂಡತಿ ಮೂಗು ಮುಂದೆ ಮಾಡಿಕೊಂಡು, “ಈಗ ಲವಂಗ ಮುಂದ ಬಂತು, ಈಗ ಹಣ್ಣಿಂದು ಹಿಂದ ಸರೀತು,” ಎಂದು ವರದಿ ಒಪ್ಪಿಸುತ್ತಿದ್ದಳು. ನಾನು ಫ್ರಿಜ್ಜಿನಲ್ಲಿ ತಾಟು ತಣ್ಣಗಾಗಲು ಇಟ್ಟಿದ್ದೆ. ಅದರ ಮೇಲೆ ಒಂದು ಚಮಚ ಹಾಕಿದಾಗ ಸುತ್ತಲೂ ನೀರು ಒಸರದಿದ್ದರೆ ಹದ ಬಂದಿದೆ ಎಂದು ಫೋನಿನ ಹೆಂಗಸು ಹೇಳಿದ್ದಳು. ಎರಡು ಸಲ ಹಾಕಿದೆ, ನೀರು ಒಸರಿತು. ಕಿತ್ತಳೆ ಬಣ್ಣ ಕಾವಿಗೆ ತಿರುಗುತ್ತಿತ್ತು. ಗಟ್ಟಿಯಾದಷ್ಟೂ ಅದು ಸಿಡಿಯತೊಡಗಿತು, ನನ್ನ ಮುಂಗೈಗೆ ಹಾರಿ ಚುರ್ ಎನಿಸಿತು. ಅವ್ವ ಕಿವಿಯನ್ನು ಪಾತ್ರೆಯ ಕಡೆ ವಾಲಿಸಿ ನಿಂತಿದ್ದಳು.

“ಆತು. ಇಳಸು,” ಎಂದಳು ಇದ್ದಕ್ಕಿದ್ದಂತೆ.

“ಹೆಂಗ ಗೊತ್ತಾತು?”

“ದನಿ ದಪ್ಪ ಆಗೇತಿ. ಸೌಟ ಹ್ವಾದ ದಾರಿ ಲಗೂನ ಮುಚ್ಚವಲ್ದು.”

ತಾಟಿನ ಮೇಲೆ ಹಾಕಿ ನೋಡಿದೆ. ಒಂದು ಹನಿ ನೀರು ಬಿಡದೆ ಕುಳಿತಿತು. ಮೋಟರಿನ ಬೇರಿಂಗ್ ಹೋದದ್ದನ್ನು ನಾನು ದನಿಯಿಂದಲೇ ಹಿಡಿಯುತ್ತೇನೆ. ಈ ಕಿವಿ ಎಲ್ಲಿಂದ ಬಂದದ್ದು ಎಂದು ನನಗೆ ಅಂದು ತಿಳಿಯಿತು.

ಹೆಂಡತಿ ಬಿಸಿ ಜೋಳದ ರೊಟ್ಟಿ ಬಡಿದಳು. ಪೀಚ್ ಬೆಣ್ಣೆ ಸವರಿ ಮೊದಲು ನಾನು ತಿಂದೆ, ಆಮೇಲೆ ಅವಳು. ಹಣ್ಣು, ದಾಲ್ಚಿನ್ನಿ, ತಳ ಹಿಡಿದದ್ದರ ಎಲ್ಲೋ ಒಂದಿಷ್ಟು ಹೊಗೆ. ಚೆನ್ನಾಗಿತ್ತು. ಅವ್ವನ ಗಂಗಾಳಕ್ಕೆ ಹಾಕಿ ಎದುರಿಗೇ ಕೂತೆ. ಅವಳು ಮತ್ತೆ “ಘಮ್ಮ ಅಂತೈತಿ” ಎಂದುಬಿಟ್ಟರೆ ಏನು ಮಾಡುವುದು ಎಂಬ ಭಯ ನನಗಿತ್ತು.

ಅವ್ವ ತುತ್ತನ್ನು ಬಾಯಲ್ಲಿ ಸಾವಕಾಶ ಹೊರಳಿಸಿದಳು. “ಸಿಹಿ ಐತಿ. ಹುಳಿ ಹಿಂದಿಂದ ಬರತೈತಿ. ಶುಂಠಿ ಗಂಟಲಾಗ ಬೆಚ್ಚಗ ಮಾಡತೈತಿ. ಲವಂಗ ನಾಲಿಗಿ ಜುಮ್ ಅನಸತೈತಿ. ಅಷ್ಟ.”

ಅವಳು ಇನ್ನೊಂದು ತುತ್ತು ಮುರಿದಳು.

“ಬ್ಯಾರೆ ಏನರ ಉಂಡ್ರ ಮೊದಲ ಹೆಂಗಿತ್ತು ಅನ್ನೂದು ನೆನಪಾಗಿ ತುತ್ತ ಒಳಗ ಇಳಿಯೂದಿಲ್ಲ ನೋಡು. ಸಾರಿನಾಗ ಸಾರ ಇಲ್ಲ, ರೊಟ್ಟ್ಯಾಗ ರೊಟ್ಟಿ ಇಲ್ಲ. ಇದಕ್ಕ ಮೊದಲ ಅನ್ನೂದ ಇಲ್ಲ. ನನಗ ಎಷ್ಟ ಬರತೈತಿ ಅಷ್ಟ ಇದರ ರುಚಿ. ಪೂರಾ ಐತಿ.”

ಗಂಗಾಳ ಬರಿದು ಮಾಡಿ ಅದನ್ನು ನನ್ನ ಮುಂದೆ ಚಾಚಿದಳು. “ಹಾಕು ಇನ್ನಷ್ಟು.”

ನಾನು ಹಾಕಿದೆ. ಹಾಕುವಾಗ ಕಣ್ಣು ತುಂಬಿ ಬಂದವು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅವ್ವ ನೋಡಿದಳು.

“ಯಾಕೋ,” ಎಂದಳು, “ಶುಂಠಿ ಹೆಚ್ಚಾತೇನು?”