ಬೆಲ್ಲದ ತಕ್ಕಡಿಯಲ್ಲಿ ಮೊಮ್ಮಗಳು

ಕೋವಿಡ್ ಮುಗಿದು ಶಾಲೆಗಳು ತೆರೆದ ವರ್ಷ ನಾನು ವಯನಾಡಿನ ಪುಲ್ಪಳ್ಳಿ ಸಮೀಪದ ಸಣ್ಣ ಆಸ್ಪತ್ರೆಯೊಂದರಲ್ಲಿ ಮಕ್ಕಳ ವೈದ್ಯೆಯಾಗಿದ್ದೆ. ನಿವೃತ್ತಿಗೆ ಸ್ವಲ್ಪ ಬಾಕಿಯಿತ್ತು. ತಾಳ್ಮೆ ಅದಕ್ಕೂ ಮೊದಲೇ ನಿವೃತ್ತವಾಗಿತ್ತು.

ಪೆರಿಕಲ್ಲೂರಿನ ದಿನಸಿ ವ್ಯಾಪಾರಿ ಮಾದಪ್ಪ ಶೆಟ್ಟರು ಹತ್ತು ವರ್ಷದ ಮೊಮ್ಮಗಳು ನವ್ಯಳನ್ನು ಕರೆತಂದರು. ದೂರು ಕುತ್ತಿಗೆಯ ಕಪ್ಪು. ಮನೆಯಲ್ಲಿ ಅದನ್ನು ಕೊಳೆಯೆಂದು ತಿಳಿದು ಕಡಲೆಹಿಟ್ಟಿನಿಂದ ಉಜ್ಜಿ ಉಜ್ಜಿ ಚರ್ಮ ಸುಲಿದಿದ್ದರು. ಅದು ಕೊಳೆಯಲ್ಲ, ಬೊಜ್ಜಿನಿಂದ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಕಾಣುವ ಗುರುತು. ಎತ್ತರ 136 ಸೆಂ.ಮೀ., ತೂಕ 58 ಕೆ.ಜಿ., ಬಿ.ಪಿ. 128/84. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದೆ. ಎಡ ಕೋಣೆಯ ಗೋಡೆ ಆಗಲೇ ದಪ್ಪಗಾಗತೊಡಗಿತ್ತು. ಹೀಗೇ ಬಿಟ್ಟರೆ ಹರೆಯದಲ್ಲೇ ಹೃದ್ರೋಗ ಬರಬಹುದು ಎಂದೆ.

ಶೆಟ್ಟರು ನಕ್ಕರು. "ನಮ್ಮ ಕುಟ್ಟಿ ಪುಷ್ಟಿಯಾಗಿ ಅದೆ ಡಾಕ್ಟರಮ್ಮ. ನಮ್ಮ ಮನೇಲಿ ಎಲ್ರದೂ ಇದೇ ಮೈ."

ತೂಕ ಇಳಿಸಬೇಕು ಎಂದಾಗ ನಗು ನಿಂತಿತು. ಹುಟ್ಟಿದಾಗ ನವ್ಯ ಒಂದೂಮುಕ್ಕಾಲು ಕಿಲೋ ಇದ್ದಳಂತೆ. ಬದುಕಿದರೆ ಪ್ರತಿ ಹುಟ್ಟುಹಬ್ಬಕ್ಕೆ ಬೆಲ್ಲದ ತುಲಾಭಾರ ಎಂದು ಅಜ್ಜ ಹರಕೆ ಹೊತ್ತಿದ್ದರು. ಅಲ್ಲಿಯವರೆಗೆ ನನಗೂ ಗೌರವವಿತ್ತು. ಬರಬರುತ್ತ ಹರಕೆ ಪಂದ್ಯವಾಯಿತು. ಹೋದ ವರ್ಷಕ್ಕಿಂತ ಬೆಲ್ಲ ಹೆಚ್ಚು ಹಿಡಿದರೆ ಶೆಟ್ಟರು ಅಂಗಡಿಯಲ್ಲಿ ಮೀಸೆ ತಿರುವುತ್ತಿದ್ದರು. ಹುಟ್ಟುಹಬ್ಬ ಹತ್ತಿರವಾದಂತೆ ಮಗುವಿಗೆ ಹೊತ್ತುಹೊತ್ತಿಗೆ ತುಪ್ಪ, ಬಾಳೆಕಾಯಿ ಚಿಪ್ಸ್, ಬೇಕರಿ ಹಲ್ವ. ಸಂತೆಗೆ ಹೋರಿ ಕೊಬ್ಬಿಸುವವರೂ ಇಷ್ಟು ನಾಚಿಕೆಗೆಟ್ಟಿರುವುದಿಲ್ಲ.

"ದೇವ್ರಿಗೆ ಕಮ್ಮಿ ಕೊಟ್ರೆ ನೇರ್ಚೆ ಕೆಡ್ತದೆ," ಎಂದರು. ನೇರ್ಚೆ ಎಂದರೆ ಹರಕೆ.

"ನೀವು ಬೇಡಿದ್ದು ಜೀವ. ಬೆಲ್ಲದ ಜಂಭಕ್ಕೆ ಆ ಜೀವಾನೇ ವಾಪಸ್ ಕೊಡ್ತೀರಾ?"

ಶೆಟ್ಟರು ಮುಖ ಸಿಂಡರಿಸಿಕೊಂಡು ಎದ್ದು ಹೋದರು. ಮರುವಾರ ಮಗುವಿನ ಜೊತೆ ಬಂದವಳು ಶೆಟ್ಟರ ಸೊಸೆ, ನವ್ಯಳ ತಾಯಿ ಸುಮತಿ. "ಮಾವ ಒಪ್ಪಲ್ಲ. ಏನ್ಮಾಡ್ಬೇಕು ನಂಗೆ ಹೇಳಿ," ಎಂದಳು. ಆ ಮನೆಯಲ್ಲಿ ತಲೆಯೊಳಗೆ ಮಿದುಳಿದ್ದದ್ದು ಅವಳೊಬ್ಬಳಿಗೇ. ತುಪ್ಪ, ಹಲ್ವ ನಿಂತವು. ತಾಯಿ ಮಗಳು ಸಂಜೆ ಕಬಿನಿ ದಡದಲ್ಲಿ ನಡೆಯತೊಡಗಿದರು. ಶೆಟ್ಟರು ಸೊಸೆಯ ಜೊತೆ ಮಾತು ಬಿಟ್ಟರು. ಅದರಿಂದ ಯಾರಿಗೂ ನಷ್ಟವಾಗಲಿಲ್ಲ.

ಮುಂದಿನ ಹುಟ್ಟುಹಬ್ಬ ಕಳೆದು ನವ್ಯ ಬಂದಾಗ ನಾಲ್ಕು ಸೆಂ.ಮೀ. ಬೆಳೆದಿದ್ದಳು. ತೂಕ 52, ಬಿ.ಪಿ. 112/70. ಹೃದಯದ ಗೋಡೆ ಇನ್ನಷ್ಟು ದಪ್ಪಗಾಗಿರಲಿಲ್ಲ. ತುಲಾಭಾರ ಏನಾಯಿತು ಎಂದು ಕೇಳಿದೆ.

"ಅಜ್ಜ ನನ್ನ ಮಡಿಲಿಗೆ ದೊಡ್ಡ ಉರುಳಿ ಇಟ್ರು. ಬೆಲ್ಲ ಹೋದ್ವರ್ಷದಷ್ಟೇ ಆಯ್ತು."

ಉರುಳಿ ಎಂದರೆ ಪಾಯಸ ಕಾಯಿಸುವ ಕಂಚಿನ ಪಾತ್ರೆ. ದೇವರಿಗೆ ಕಮ್ಮಿ ಕೊಡಬಾರದೆಂದ ಭಕ್ತ, ದೇವರ ಕಣ್ಣಿಗೇ ಮಣ್ಣೆರಚಿದ್ದ.

"ಆಮೇಲೆ?"

"ಅದನ್ನ ಕೆಳಗಿಟ್ಟು ಓಡ್ಬಂದೆ."

ದೊಡ್ಡವರ ಜಂಭ ಕರಗಿಸುವ ಮಾತ್ರೆ ನನ್ನ ವೃತ್ತಿಯಲ್ಲಿ ಎಲ್ಲೂ ಸಿಗಲಿಲ್ಲ. ಆ ಜಂಭ ಮಗುವಿನ ಮೈಯಿಂದ ಇಳಿದು ಒಂದು ಪಾತ್ರೆಗೆ ಹೋದರೂ ಸಾಕು. ಪಾತ್ರೆಯನ್ನು ಕೆಳಗಿಡಬಹುದು.