ನಿಂಬೆಹಣ್ಣಿನ ಮೇಲೆ ಓಡುವ ಕಾರು

ಕಾರಿನ ಮುಂಚಕ್ರ ಬಿಚ್ಚಿದ ಕೂಡಲೇ ಮೂಗಿಗೆ ಹೊಡೆಯುವ ಹಳೆಯ ಗ್ರೀಸಿನ ವಾಸನೆ ನಿಮಗೆ ಗೊತ್ತೋ ಇಲ್ಲವೋ. ನನಗಂತೂ ಅದು ಬಂತೆಂದರೆ ಸಿಟ್ಟು ನೆತ್ತಿಗೇರುತ್ತದೆ. ಮೊನ್ನೆ ಭಾನುವಾರ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಕಾಫಿ ಒಣಗಿಸುವ ಕಣದಲ್ಲಿ ಕಾರಿಗೆ ಜಾಕಿ ಕೊಟ್ಟು, ಅಡಿಗೆ ಸಿಲ್ವರ್ ಓಕ್ ದಿಮ್ಮಿ ಸಿಕ್ಕಿಸಿ, ನಮ್ಮ ಮನೆಯವರು ಎಡಗಡೆಯ ಚಕ್ರ ಕಳಚಿದರು. ಆಕ್ಸಲ್ ತುದಿಯ ಜಾಯಿಂಟಿಗೆ ತೊಡಿಸಿದ ರಬ್ಬರ್ ಬೂಟು ಹರಿದು, ಒಳಗಿನ ಗ್ರೀಸೆಲ್ಲ ಚಕ್ರದ ಒಳಮೈಗೆ ಎರಚಿಕೊಂಡಿತ್ತು. ಗ್ರೀಸು ಇರಬೇಕಾದ ಜಾಗದಲ್ಲಿ ನಮ್ಮೂರಿನ ಕೆಂಪು ಮಣ್ಣು ಸೇರಿತ್ತು. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಕಟಕಟ ಎನ್ನುತ್ತಿದ್ದುದು ಅದೇ. ಚಕ್ರವನ್ನು ಹಿಡಿದಿಡುವ ಬಾಲ್ ಜಾಯಿಂಟು ಬೀಳಲಿರುವ ಹಾಲುಹಲ್ಲಿನ ಹಾಗೆ ಅಲ್ಲಾಡುತ್ತಿತ್ತು.

ಈ ಸದ್ದಿನ ವಿಷಯ ನಾನು ಮಳೆಗಾಲಕ್ಕೆ ಮೊದಲೇ ಹೇಳಿದ್ದೆ. “ಓಡ್ತದೆ ಮಾರಾಯ್ತಿ. ರೋಡೇ ಹಾಗಿರುವಾಗ ಕಾರಿಂದೇನು ತಪ್ಪು?” ಎಂಬ ಉತ್ತರ ಬಂದಿತ್ತು. ಪಿಕಪ್ ಗಾಡಿಗೆ ಕಾಯಲು ಬೇಸರವಾಗಿ, ಹಿಂದಿನ ಸೀಟು ಮಡಚಿ, ಹಣ್ಣುಕಾಫಿಯ ಮೂಟೆ ತುಂಬಿ ತೋಟದ ಕಲ್ಲುದಾರಿಯಲ್ಲಿ ಓಡಿಸಿದವರು ಇವರೇ. ನಮ್ಮ ಸುಂಟಿಕೊಪ್ಪದಲ್ಲಿ ಯಾವ ಕಾರನ್ನಾದರೂ ನಿಲ್ಲಿಸಿ ಡಿಕ್ಕಿ ತೆಗೆದು ನೋಡಿ, ಮೂಲೆಯಲ್ಲಿ ನಾಲ್ಕು ಕಾಫಿಬೀಜ ಸಿಗದಿದ್ದರೆ ಕೇಳಿ. ವರ್ಷವೆಲ್ಲ ಕಾರನ್ನು ಕತ್ತೆಯಂತೆ ದುಡಿಸುತ್ತೇವೆ, ಒಂದು ದಿನ ದೇವರೆಂದು ಕೈಮುಗಿಯುತ್ತೇವೆ.

ಕೈಮುಗಿಯುವ ಮಾತು ಬಂತಲ್ಲ, ನಮ್ಮ ದೊಡ್ಡಪ್ಪನನ್ನು ಬಿಟ್ಟು ಮುಂದೆ ಹೋಗಲಾರೆ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆ ನಿಂತ ತವರು ನನ್ನದು. ನಾನು ಹೈಸ್ಕೂಲಿನಲ್ಲಿದ್ದಾಗ ಇಡೀ ಮನೆಗೆ ಇದ್ದದ್ದು ಒಂದು ಕಾರು, ಆ ಕಾರಿಗೆ ಇದ್ದ ಮೆಕ್ಯಾನಿಕ್ ದೊಡ್ಡಪ್ಪ. ರಿಪೇರಿಗಿಂತ ಅವರ ಆಯುಧಪೂಜೆಯೇ ಜೋರು. ಬಾನೆಟ್ಟಿಗೆ ಸೇವಂತಿಗೆ ಹಾರ, ಎರಡೂ ಕಡೆ ಬಾಳೆಕಂದು, ನಾಲ್ಕು ಚಕ್ರದಡಿಯೂ ನಿಂಬೆಹಣ್ಣು. ಬೂದುಗುಂಬಳ ಒಡೆದ ಮೇಲೆ ಮನೆಮಂದಿಯನ್ನೆಲ್ಲ ತುಂಬಿಕೊಂಡು ಒಂದು ಸುತ್ತು. ನನಗೆ ಆ ಸುತ್ತೆಂದರೆ ಪ್ರಾಣ. ಕಿಟಕಿ ಪಕ್ಕದ ಜಾಗಕ್ಕಾಗಿ ತಮ್ಮನನ್ನು ಚಿವುಟಿ ಅಳಿಸುತ್ತಿದ್ದೆ.

ಒಂದು ವರ್ಷ ಆ ಸುತ್ತಿನಲ್ಲೇ, ಮಡಿಕೇರಿ ರಸ್ತೆಯ ತಿರುವೊಂದರಲ್ಲಿ, ಬಾಲ್ ಜಾಯಿಂಟು ಕಳಚಿ ಮುಂಚಕ್ರ ಮಡಚಿಕೊಂಡಿತು. ಕಾರು ರಸ್ತೆ ಬದಿಯ ಎತ್ತರದ ಮಣ್ಣಿನ ಬರೆಗೆ ಗುದ್ದಿತು. ನಮಗೆಲ್ಲ ತರಚುಗಾಯ. ಮುಂದೆ ಕೂತಿದ್ದ ದೊಡ್ಡಮ್ಮನ ಮಂಡಿ ಪುಡಿಯಾಯಿತು. ಅಂದಿನಿಂದ ಅವರು ಕುಂಟುತ್ತಾರೆ. ಬಸ್ಸಿನ ಮೆಟ್ಟಿಲು ಹತ್ತಲಾರರು.

ದೊಡ್ಡಪ್ಪ ಬದುಕಿರುವವರೆಗೂ ಇದನ್ನು ಪವಾಡವೆಂದೇ ಹೇಳಿದರು. “ಅವತ್ತು ಪೂಜೆ ಮಾಡಿದ್ದಕ್ಕೆ ಜೀವ ಉಳೀತು ನೋಡಿ,” ಎಂದು ಬಂದವರೆದುರು ತೊಡೆ ತಟ್ಟಿಕೊಳ್ಳುತ್ತಿದ್ದರು. ದೊಡ್ಡಮ್ಮ ಕುಂಟುತ್ತಾ ಬಂದು, ಪವಾಡ ಕೇಳುತ್ತಿದ್ದವರಿಗೆ ಕಾಫಿ ಕೊಟ್ಟು, ಕುಂಟುತ್ತಾ ಒಳಗೆ ಹೋಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಅಷ್ಟು ದಯೆಯಿದ್ದ ದೇವರು ಒಂದು ನಟ್ಟು ಬಿಗಿ ಮಾಡಬಾರದಿತ್ತೇ? ಆದರೂ ಅದು ಆಕಸ್ಮಿಕ, ಯಾರಿಗೂ ಮೊದಲೇ ಗೊತ್ತಿರಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಈಗ ದೊಡ್ಡಮ್ಮ ನಮ್ಮ ಜೊತೆಗಿದ್ದಾರೆ. ಮಡಿಕೇರಿಗೆ ಡಾಕ್ಟರ ಹತ್ತಿರ ಹೋಗಬೇಕೆಂದರೆ ಅವರಿಗೆ ಈ ಕಾರೇ ಗತಿ. ನನ್ನ ಸಿಟ್ಟು ಎಲ್ಲಿಂದ ಬಂತೆಂದು ಇನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಮೊನ್ನೆ ಅವರು ಕಣದ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಬೆಳಿಗ್ಗೆ, ಕಾರು ಎತ್ತುವ ಮೊದಲು, ಆಕ್ಸಲ್ ನಟ್ಟು ಜಪ್ಪಯ್ಯ ಎಂದರೂ ಅಲ್ಲಾಡಿರಲಿಲ್ಲ. ಸ್ಪ್ಯಾನರಿಗೆ ಉದ್ದದ ಕಬ್ಬಿಣದ ಪೈಪು ತೊಡಿಸಿ, ಅದರ ಮೇಲೆ ನಾನೇ ಹತ್ತಿ ನಿಂತ ಮೇಲೆ ಸಡಿಲವಾಯಿತು. ನನ್ನ ತೂಕ ಸಂಸಾರದ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಹಳೆಯ ಆಕ್ಸಲ್ ಜಾಯಿಂಟನ್ನು ಬಡಿದು ತೆಗೆದು, ಹೊಸದಕ್ಕೆ ಗ್ರೀಸು ತುಂಬಿ, ಬೂಟಿಗೆ ಕ್ಲಿಪ್ಪು ಬಿಗಿದು, ಹೊಸ ಬಾಲ್ ಜಾಯಿಂಟಿನ ಆರ್ಮು ಕೂರಿಸುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಆಮೇಲೆ ಇವರು ಬಲಗಡೆಯನ್ನೂ ಎತ್ತಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. ಅಲ್ಲೂ ಬಾಲ್ ಜಾಯಿಂಟು ಟಕ್ ಎಂದಿತು.

“ಇದು ಚೂರೇ ಚೂರು. ಎಲ್ಲಿಗೆ ಹೋಗ್ತದೆ? ಆಯುಧಪೂಜೆ ಹೊತ್ತಿಗೆ ಹೊಸದು ಹಾಕಿದ್ರಾಯ್ತು,” ಎಂದರು.

ನಾನು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಮಾತಾಡಿದರು.

“ಅಳಿಯಂದ್ರೇ, ಅವತ್ತೂ ಹಿಂಗೇ ಟಕ್ಕು ಅಂತಿತ್ತು. ಪೂಜೆ ದಿನ ಬೆಳಿಗ್ಗೆ ಇವಳ ದೊಡ್ಡಪ್ಪಂಗೆ ನಾನೇ ಹೇಳ್ದೆ, ಚಕ್ರ ಸರಿಗಿಲ್ಲ, ನೋಡಿ ಅಂತ.”

ಇಬ್ಬರೂ ಅವರ ಕಡೆ ತಿರುಗಿದೆವು.

“ಅವರಿಗೂ ಗೊತ್ತಿತ್ತು. ಸ್ಪ್ಯಾನರೆಲ್ಲ ಪೂಜೆಗೆ ಇಟ್ಟಾಗಿದೆ, ಇವತ್ತು ಮುಟ್ಟಂಗಿಲ್ಲ, ನಾಳೆ ಬಿಚ್ಚನ ಅಂದ್ರು. ಕಾರನ್ನೂ ಪೂಜೆಗೇ ಇಟ್ಟಿದ್ದಲ್ವಾ? ಅದನ್ಯಾಕೆ ಮುಟ್ಟಿದ್ರು? ಮಕ್ಳನ್ನೆಲ್ಲ ಯಾಕೆ ತುಂಬಿಸ್ಕೊಂಡ್ರು? ಜೀವ ಉಳೀತಂತೆ, ಜೀವ! ಹೋಗಿದ್ದು ನನ್ನ ಕಾಲಲ್ವಾ!”

ಇಷ್ಟು ವರ್ಷ ಅವರ ಪರವಾಗಿ ನಾನೇ ಸಿಟ್ಟು ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವರ ಸಿಟ್ಟಿನ ಮುಂದೆ ನನ್ನದು ಏನೂ ಅಲ್ಲ. ಇವರು ಬಲಚಕ್ರದ ನಟ್ಟಿಗೆ ಸ್ಪ್ಯಾನರ್ ಹಾಕಿದರು. ನಾನು ದೊಡ್ಡಮ್ಮನನ್ನು ಎಬ್ಬಿಸಿ, ಕೈಹಿಡಿದು ನಡೆಸಿ, ಕುರ್ಚಿಯನ್ನು ಆ ಕಡೆಗೆ, ಅವರಿಗೆ ಎಲ್ಲ ಚೆನ್ನಾಗಿ ಕಾಣುವಷ್ಟು ಹತ್ತಿರ ಹಾಕಿ ಕೂರಿಸಿದೆ.