ಆಪಾ ಬೈಯುತ್ತಿದ್ದ ಕುರ್ಚಿ

ನವೆಂಬರ್ ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ ಎಂಟು ಹತ್ತು.

ನಮ್ಮ ಮನೆಯ ಕುರ್ಚಿ ನಿನ್ನೆ ವಾಪಸ್ ಬಂತು. ಅಗಲವಾದ ಕೈಗಳಿರುವ ಮರದ ಕುರ್ಚಿ. ಅದರಿಂದ ಚೆಂಡುಹೂವಿನ ವಾಸನೆ ಬರುತ್ತಿದೆ, ಊದುಬತ್ತಿಯದೂ. ಹಿಂದೆಲ್ಲ ಅದು ಹೊರಗೆ ಹೋಗಿ ಬಂದರೆ ಮೆಷಿನ್ ಎಣ್ಣೆಯ ವಾಸನೆ ಇರುತ್ತಿತ್ತು. ಅಮ್ಮ ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಬೇಗ ಹೋಗುತ್ತಿರಲಿಲ್ಲ...

ಗಂಗಾನಗರದ ನಮ್ಮ ವಠಾರದಲ್ಲಿ ಆಪಾ ಎದುರುಮನೆಯವರು. ಅವರ ತಂಗಿಯರು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಯಶವಂತಪುರದ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಿದ್ದರು. ಮನೆಯಲ್ಲಿ ಉರ್ದು, ಫ್ಯಾಕ್ಟರಿಯ ಲೈನಿನಲ್ಲಿ ಕನ್ನಡ. ಬೀದಿಗಳಲ್ಲಿ ಆಡಲು ಅವರು ನಾಟಕ ಬರೆದದ್ದೂ ಕನ್ನಡದಲ್ಲಿ. ಬರೆದದ್ದು ಅನ್ನುವುದೂ ಪೂರ್ತಿ ಸರಿಯಲ್ಲ. ಹೊಲಿಯುತ್ತಾ ಮನಸ್ಸಿನಲ್ಲೇ ಕಟ್ಟಿಕೊಂಡು, ಊಟದ ಹೊತ್ತಿನಲ್ಲಿ ಗೆಳತಿಯರಿಗೆ ಬಾಯಿಪಾಠ ಮಾಡಿಸುತ್ತಿದ್ದರು.

ಪರದೆಯೂ ಅವರದೇ. ಹಳೆಯ ಬೆಡ್‌ಶೀಟಿನ ಮೇಲೆ ಟೈಲರ್ ಚಾಕ್‌ನಲ್ಲಿ ಹೆಂಗಸರ ಬೆನ್ನು ಮತ್ತು ಜಡೆಗಳನ್ನು ಮಾತ್ರ ಸಾಲಾಗಿ ಬಿಡಿಸುತ್ತಿದ್ದರು. ಮುಖ ಯಾಕಿಲ್ಲ ಎಂದು ಕೇಳಿದ್ದೆ.

"ದಿನಾ ನಂಗೆ ಕಾಣೋದು ಮುಂದೆ ಕೂತವಳ ಬೆನ್ನೇ ಕಣೇ. ಮುಖ ಬರೆದ್ರೆ ಸುಳ್ಳಾಗುತ್ತೆ."

ಆಟ ಮುಗಿದ ಮೇಲೆ ಶೀಟು ಒಗೆದು ಮತ್ತೆ ಹಾಸಿಗೆಗೆ. ಹಾಗಾಗಿ ಆ ಚಿತ್ರಗಳಲ್ಲಿ ಒಂದೂ ಉಳಿದಿಲ್ಲ.

ಯಾವ ಬೀದಿಯಲ್ಲಿ ಆಡಿದರೂ ಆ ಬೀದಿಯ ಒಂದು ಮನೆಯಿಂದ ಕುರ್ಚಿ ಕೇಳಿ ತರಬೇಕು, ಅದು ಅವರ ನಿಯಮ. ಆ ಖಾಲಿ ಕುರ್ಚಿಯೇ ನಾಟಕದ ಸೂಪರ್‌ವೈಸರ್. ಆ ಪಾತ್ರಕ್ಕೆ ಯಾರನ್ನೂ ಹಾಕುತ್ತಿರಲಿಲ್ಲ. ಹೆಂಗಸರು ಒಬ್ಬೊಬ್ಬರೇ ಬಂದು, ಕೆಲಸದಲ್ಲಿ ನುಂಗಿಕೊಂಡಿದ್ದ ಮಾತನ್ನೆಲ್ಲ ಕುರ್ಚಿಗೆ ಹೇಳುತ್ತಿದ್ದರು. ನೋಡುವವರೂ ಎದ್ದು ಬರಬಹುದಿತ್ತು. ನಮ್ಮ ಬೀದಿಯಲ್ಲಿ ಯಾವಾಗಲೂ ನಮ್ಮ ಮನೆಯದೇ. "ನಿಮ್ಮನೆ ಕುರ್ಚಿಗೆ ಧಿಮಾಕು ಜಾಸ್ತಿ ಕಣ್ರೀ, ಬೈಯೋಕೆ ಚೆನ್ನಾಗಿರುತ್ತೆ" ಎಂದು ಅಮ್ಮನ ಹತ್ತಿರ ನಗುತ್ತಿದ್ದರು.

ಅದು ಅಪ್ಪ ಕೂರುತ್ತಿದ್ದ ಕುರ್ಚಿ. ಒಂದು ಸಂಜೆ ಅಮ್ಮ ಜನರ ಮಧ್ಯದಿಂದ ಎದ್ದು ಹೋಗಿ, ಅದರೆದುರು ನಿಂತು, "ಒಂದ್ಸಲ ನೀವೇ ಎದ್ದು ನೀರು ತಗೊಂಡು ಕುಡೀರಿ" ಅಂದುಬಿಟ್ಟರು. ಬೀದಿಯೆಲ್ಲ ನಕ್ಕಿತು. ಅಪ್ಪನೂ ನಕ್ಕರು. ಅವತ್ತು ಊಟಕ್ಕೆ ಕೂತಾಗ ನೀರನ್ನು ಅವರೇ ತಂದುಕೊಂಡರು.

ಕೊನೆಗೆ ಬರುತ್ತಿದ್ದವರು ಆಪಾ. ಅವರು ಮಾತ್ರ ಕನ್ನಡದಲ್ಲಿ ಹೇಳುತ್ತಿರಲಿಲ್ಲ. ಕುರ್ಚಿಯ ಹತ್ತಿರ ಬಗ್ಗಿ, ತಮ್ಮ ಮನೆಯ ಉರ್ದುವಿನಲ್ಲಿ, ಮೆಲ್ಲಗೆ ಏನೋ... ಆಟ ಅಲ್ಲಿಗೆ ಮುಗಿಯುತ್ತಿತ್ತು.

ಲೈಟು, ಮೈಕು ಇರುವ ವೇದಿಕೆಯಲ್ಲಿ ಒಂದು ಸಲ ಆ ಕುರ್ಚಿಗೆ ಬೈಯಬೇಕು ಅನ್ನುವುದು ಅವರ ಆಸೆ. ರಾಜ್ಯೋತ್ಸವಕ್ಕೆ ಅವಕಾಶ ಕೇಳಲು ಬಡಾವಣೆಯ ಸಂಘಕ್ಕೆ ಹೋದಾಗ ನಾನೂ ಜೊತೆಗಿದ್ದೆ. "ನಾಟಕ ಆಡುವಷ್ಟು ಕನ್ನಡ ಬರುತ್ತೇನಮ್ಮಾ ನಿಮಗೆ?" ಎಂದರು ಅಧ್ಯಕ್ಷರು. "ಬೈಯೋವಷ್ಟು ಬರುತ್ತೆ ಸಾರ್" ಎಂದರು ಆಪಾ. ಅಧ್ಯಕ್ಷರಿಗೆ ನಗು ಬರಲಿಲ್ಲ. ಆ ವರ್ಷವೂ ಇಲ್ಲ, ಮುಂದಿನ ವರ್ಷವೂ ಇಲ್ಲ. ಆಮೇಲೆ ಕೆಮ್ಮು ಹಿಡಿಯಿತು. ಹೋದ ಮಳೆಗಾಲದಲ್ಲಿ ತೀರಿಕೊಂಡರು.

ತೀರಿಕೊಂಡ ಮೇಲೆ ಸಂಘಕ್ಕೆ ಅವರು ಬೇಕಾದರು. "ನಮ್ಮ ಬಡಾವಣೆಯ ಹೆಮ್ಮೆಯ ಶ್ರಮಿಕ ಕಲಾವಿದೆ" ಎಂದು ಫ್ಲೆಕ್ಸ್ ಹಾಕಿಸಿದರು. ನಿನ್ನೆ ಸಂಜೆ ಪಾರ್ಕಿನ ಪಕ್ಕ ಅವರ ಹೆಸರಿನಲ್ಲೇ ಕಾರ್ಯಕ್ರಮ, ಅವರದೇ ನಾಟಕ. ಲೈನಿನ ನಾಲ್ವರು ಗೆಳತಿಯರು ರಜೆಯ ದಿನಗಳಲ್ಲಿ ಸೇರಿ ಕಲಿತಿದ್ದರು. ಆಪಾಗೆ ಸಿಗದ ವೇದಿಕೆಯಲ್ಲಿ ಆಪಾನ ಮಾತು ಆಡಿಯೇ ಬಿಡಬೇಕು ಅಂತ. ನಮ್ಮ ಮನೆಯಿಂದಲೇ ಕುರ್ಚಿ ಒಯ್ದು ವೇದಿಕೆಯ ಮಧ್ಯೆ ಇಟ್ಟು, ಸೀರೆ ಸರಿಮಾಡಿಕೊಳ್ಳಲು ಹಿಂದೆ ಹೋದರು.

ಅಷ್ಟರಲ್ಲಿ ಸಂಘದವರಿಗೆ ಖಾಲಿ ಕುರ್ಚಿ ಕಂಡಿತು. ಒಳ್ಳೆಯ ಮನಸ್ಸಿನಿಂದಲೇ ಇರಬೇಕು, ಆಪಾನ ದೊಡ್ಡ ಫೋಟೋ ತಂದು ಅದರ ಮೇಲೆ ಕೂರಿಸಿ, ಹಾರ ಹಾಕಿ, ಊದುಬತ್ತಿ ಹಚ್ಚಿದರು.

ನಾಲ್ವರಲ್ಲಿ ಮೊದಲು ಬಂದವರು ಚೆಕಿಂಗ್ ಅಕ್ಕ. ಹೊಲಿದ ಬಟ್ಟೆ ಪರೀಕ್ಷಿಸುವ ಕೆಲಸ ಅವರದು, ಇಲ್ಲೇ ಹತ್ತಿರದ ಸಿಂಗಾಪುರ ಎಂಬ ಹಳೆಯ ಹಳ್ಳಿಯವರು. ಸೊಂಟಕ್ಕೆ ಸೆರಗು ಸಿಕ್ಕಿಸಿ, ಬೆರಳು ಎತ್ತಿ, ಬಾಯಿ ತೆರೆದವರು ಹಾಗೇ ನಿಂತುಬಿಟ್ಟರು.

"ಸಾರ್, ಪೋಟೋ ತೆಗೀರಿ. ಅದು ಸೂಪರ್‌ವೈಸರ್ ಕುರ್ಚಿ."

ಅಧ್ಯಕ್ಷರು ಮೈಕಿನಲ್ಲೇ ನಕ್ಕರು. "ಇವತ್ತು ಅವರೇ ನಮ್ಮೆಲ್ಲರ ಸೂಪರ್‌ವೈಸರ್ ಕಣಮ್ಮಾ!" ಚಪ್ಪಾಳೆ ಬಿತ್ತು.

"ಇಂಗೆ ನಮ್ ಆಪಾನೇ ಕೂರ್ಸ್‌ಬುಟ್ರೆ ನಾವ್ ಯಾರ್ನ ಬೈಯಾನ?" ಎನ್ನುತ್ತಾ ಚೆಕಿಂಗ್ ಅಕ್ಕ ಫೋಟೋಗೆ ಕೈ ಹಾಕಿದರು. ಹಾರ ಹಾಕಿದ್ದನ್ನು ಎತ್ತಬಾರದು ಎಂದು ಇಬ್ಬರು ತಡೆದರು. ಮುಖ್ಯ ಅತಿಥಿಗೆ ಹೆಬ್ಬಾಳದಲ್ಲಿ ಇನ್ನೊಂದು ಕಾರ್ಯಕ್ರಮವಿತ್ತು. ನಾಟಕ ಇನ್ನೊಮ್ಮೆ ನೋಡೋಣ ಎಂದರು ಅಧ್ಯಕ್ಷರು. ನಾಲ್ವರಿಗೂ ಶಾಲು ಹೊದಿಸಿದರು. "ಆ ತಾಯಿ ಜೀವನದಲ್ಲಿ ಯಾರಿಗೂ ಒಂದು ಕೆಟ್ಟ ಮಾತು ಆಡಿದವರಲ್ಲ" ಎಂದು ಅತಿಥಿಗಳು ಭಾಷಣ ಮಾಡಿದರು.

ಫೋಟೋ ಸಂಘದ ಆಫೀಸಿಗೆ ಹೋಯಿತು. ಹಿಂದಿನ ಅಧ್ಯಕ್ಷರ ಸಾಲಿನಲ್ಲಿ ನೇತುಹಾಕುತ್ತಾರಂತೆ.

ಕುರ್ಚಿಯನ್ನು ನಾನೂ ಚೆಕಿಂಗ್ ಅಕ್ಕನೂ ಹಿಡಿದು ತಂದೆವು. ನಮ್ಮ ಬಾಗಿಲಲ್ಲಿ ಇಳಿಸಿ, ಅವರು ಅದರೆದುರು ಬಂದು ಸೊಂಟಕ್ಕೆ ಸೆರಗು ಸಿಕ್ಕಿಸಿದರು. ಈಗಲಾದರೂ ಹೇಳುತ್ತಾರೇನೋ ಎಂದುಕೊಂಡೆ.

"ಬ್ಯಾಡ ಬುಡು. ಊವಿನ್ ವಾಸ್ನೆ ಒಡೀತೈತೆ" ಎಂದು ಬಸ್ಸಿಗೆ ಹೊರಟರು.

ಈಗ ಡೈರಿಗಳನ್ನು ಹರಡಿಕೊಂಡು ಕೂತಿದ್ದೇನೆ. ನಾನು ನೋಡಿದ್ದು ಹನ್ನೊಂದು ಆಟ. ಬೇರೆಯವರ ಮಾತು ಅಷ್ಟಿಷ್ಟು ಬರೆದಿಟ್ಟಿದ್ದೇನೆ. ಹನ್ನೊಂದರ ಕೊನೆಗೂ ಇರುವುದು ಒಂದೇ ಸಾಲು: 'ಆಪಾ ಉರ್ದುವಿನಲ್ಲಿ ಏನೋ ಹೇಳಿದರು.' ಗೆಳತಿಯರಿಗೂ ಆ ಮಾತು ಗೊತ್ತಿಲ್ಲ. ತಂಗಿಯರು ಆಟ ನೋಡಲು ಬರುತ್ತಿರಲಿಲ್ಲ.

ಆದರೆ ಗಂಗಾನಗರ, ಕೆಂಪಾಪುರದ ಬೀದಿಗಳಲ್ಲಿ ಕುರ್ಚಿಯ ಪಕ್ಕದಲ್ಲೇ ನಿಂತು ನೋಡಿದವರಿದ್ದರು. ಉರ್ದು ಬಲ್ಲವರು ಅವರಲ್ಲಿ ಇದ್ದೇ ಇರಬೇಕು. ಬೈಗುಳವೋ, ಬೇಡಿಕೊಳ್ಳುವುದೋ... ಇದನ್ನು ಓದುವವರಲ್ಲಿ ಕೇಳಿಸಿಕೊಂಡವರಿದ್ದರೆ ದಯವಿಟ್ಟು ಬರೆದು ತಿಳಿಸಿ. ಕೆಟ್ಟ ಮಾತಾಗಿದ್ದರೆ ಅದನ್ನೇ ಬರೆಯಿರಿ, ತಿದ್ದಬೇಡಿ.

ಕುರ್ಚಿಯನ್ನು ಬಿಸಿಲಿಗೆ ಇಟ್ಟಿದ್ದೇನೆ.